ಪೆಟ್ಟಮ್ಮ, ಪೋಟ್ಟಮ್ಮ

ಕೇರಳಕ್ಕೆ ವರ್ಗವಾಗಿ ಬಂದ ಕನ್ನಡಿಗರೆಲ್ಲ ಒಂದಲ್ಲ ಒಂದು ದಿನ ಮಲಯಾಳದ ಮೇಲೆ ಕಾಲು ಜಾರಿ ಬೀಳುವವರೇ. ಪುತ್ತೂರಿನ ನಿತ್ಯಾನಂದ ಬಿದ್ದದ್ದು ಕೊಚ್ಚಿಯ ಬ್ಯಾಂಕಿನಲ್ಲಿ, ಕೆಲಸಕ್ಕೆ ಹಾಜರಾದ ವಾರದಲ್ಲೇ. ದಾಖಲೆಗಳ ಪಟ್ಟಿ ಎಲ್ಲಿ ಎಂದು ಒಬ್ಬ ದೊಡ್ಡ ಮನುಷ್ಯರನ್ನು ಕೇಳಿದ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಇಡೀ ಶಾಖೆ ನಕ್ಕಿತು, ಅವನೂ ನಕ್ಕ, ಅಲ್ಲಿಗೆ ಮುಗಿಯಿತು. ಅವನ ಹೆಂಡತಿ ರತ್ನ ಜಾರಿದ್ದು ಆಸ್ಪತ್ರೆಯ ಕೌಂಟರಿನ ಮುಂದೆ. ಅದು ನಗುವಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ.

ಜೊತೆಗಿದ್ದ ಮಗು ದಿಶಾ ಅವರ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಹೆತ್ತವಳು ಕಾಮಾಕ್ಷಿ, ಕೊಳ್ಳೇಗಾಲದ ಕಡೆಯವಳು. ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆಂದು ಕೊಚ್ಚಿಗೆ ಬಂದವಳನ್ನು ಗಂಡ ನಡುನೀರಿನಲ್ಲಿ ಕೈಬಿಟ್ಟ. ಅವಳ ಮನಸ್ಸು ಕದಡಿತು. ವೈಟ್ಟಿಲದ ಬಸ್ ನಿಲ್ದಾಣದಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೋಗಿ ಬರುವ ಬಸ್ಸುಗಳ ಜೊತೆ ಜಗಳ ಆಡುತ್ತಿದ್ದವಳನ್ನು ಪೊಲೀಸರು ಕರೆದುಕೊಂಡು ಹೋದರು. ತಾಯಿ ತಿರುವನಂತಪುರದ ಮನೋರೋಗದ ಆಸ್ಪತ್ರೆ ಸೇರಿದಳು, ಮಗು ಮಕ್ಕಳ ಕಲ್ಯಾಣ ಸಮಿತಿಯ ಸುಪರ್ದಿಗೆ ಬಂತು. ಆ ಮಗುವಿಗೆ ಕನ್ನಡವೊಂದನ್ನು ಬಿಟ್ಟು ಬೇರೆ ಮಾತಿಲ್ಲ. ಕನ್ನಡದ ಮನೆಯೊಂದು ಸಿಕ್ಕೀತೇ ಎಂದು ಸಮಿತಿಯವರು ಹುಡುಕಿದಾಗ ಮಕ್ಕಳಿಲ್ಲದ ಈ ಗಂಡಹೆಂಡಿರು ಮುಂದೆ ಬಂದರು. ದತ್ತು ಅಲ್ಲ ಇದು, ಸಾಕುವುದಷ್ಟೇ, ತಾಯಿ ಗುಣವಾದರೆ ಮಗು ತಾಯಿಗೆ, ಎಂದು ಸಮಿತಿಯವರು ಮೊದಲೇ ಬಿಡಿಸಿ ಹೇಳಿದ್ದರು. ನಿತ್ಯಾನಂದ ಹೂಂ ಎಂದಿದ್ದ. ಆಗ ಹೂಂ ಎನ್ನುವುದು ಸುಲಭವಿತ್ತು, ಮಗುವಿನ ಮುಖ ಇನ್ನೂ ನೋಡಿರಲಿಲ್ಲ.

ತ್ರಿಪ್ಪುಣಿತ್ತುರದ ಅವರ ಫ್ಲ್ಯಾಟಿಗೆ ಬಂದ ದಿನವೇ ಮಗು ರತ್ನಳನ್ನು ಅಮ್ಮ ಎನ್ನಲು ಹೊರಟಿತು. ರತ್ನ ಕೆನ್ನೆ ಸವರಿ, "ನಿಂಗೆ ಅಮ್ಮ ಇದ್ದಾಳಲ್ಲ ಮಗಾ. ನಾನು ದೊಡ್ಡಮ್ಮ, ಇವರು ದೊಡ್ಡಪ್ಪ" ಎಂದಳು. ಬಾಯಿಗೆ ಬಂದ ತುಪ್ಪವನ್ನು ಉಗುಳಿದವಳ ಹಾಗೆ ಕಂಡಳು ಅವಳು ಗಂಡನ ಕಣ್ಣಿಗೆ. ಅಮ್ಮ ಎಂದರೆ ಏನು ಗಂಟು ಹೋಗುತ್ತಿತ್ತು ಎಂದು ಅವನ ಒಳಗೊಳಗಿನ ದೂರು. ವರ್ಷಗಳು ಕಳೆದವು. ದಿಶಾ ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವ ಪಕ್ಕಾ ತ್ರಿಪ್ಪುಣಿತ್ತುರದ ಹುಡುಗಿಯಾದಳು.

ಕೇಳಿಸಿಕೊಳ್ಳುವುದೇ ಈಗ ಕಷ್ಟವಾಗಿತ್ತು. ಎಡಗಿವಿ ಸೋರುತ್ತಿತ್ತು. ಕಿವಿಯ ತಮಟೆ ತೂತಾಗಿದೆ, ಅದರ ಹಿಂದೆ ಬೆಳೆದ ಕೊಳೆ ಎಲುಬನ್ನು ತಿನ್ನುತ್ತಿದೆ, ಬೇಗ ಕೊಯ್ದು ತೆಗೆಯಬೇಕು, ಇಲ್ಲದಿದ್ದರೆ ಆ ಕಿವಿ ಪೂರ್ತಿ ಹೋಗುತ್ತದೆ, ರೋಗ ಒಳಕ್ಕೂ ಇಳಿಯಬಹುದು ಎಂದರು ಡಾಕ್ಟರು. ಶಾಲೆಯಲ್ಲಿ ಮಕ್ಕಳು ಅವಳನ್ನು ಪೊಟ್ಟಿ ಎಂದು ಛೇಡಿಸುತ್ತಿದ್ದರು. ಕಿವುಡಿ ಎಂದೂ ಆಯಿತು, ಪೆದ್ದಿ ಎಂದೂ ಆಯಿತು. ಆ ಮಾತು ಬಲಗಿವಿಯ ಮೇಲೆ ಬಿದ್ದ ದಿನ ದಿಶಾ ಊಟ ಬಿಡುತ್ತಿದ್ದಳು.

ಈ ಪೊಟ್ಟಿಯೇ ಕೌಂಟರಿನಲ್ಲಿ ರತ್ನಳ ನಾಲಿಗೆಗೆ ತೊಡರಿಕೊಂಡದ್ದು. ಮಲಯಾಳದಲ್ಲಿ ಹೆತ್ತವಳು ಪೆಟ್ಟಮ್ಮ, ಸಾಕಿದವಳು ಪೋಟ್ಟಮ್ಮ. ಪಕ್ಕದ ಮನೆಯವರು ಹಿಂದಿನ ದಿನವೇ ಕಲಿಸಿಕೊಟ್ಟಿದ್ದರು. ಮಲಯಾಳಿಗಳ ಕಿವಿಗೆ ಪೋಟ್ಟಮ್ಮನಿಗೂ ಪೊಟ್ಟಿಗೂ ಆನೆಗೂ ಆಡಿಗೂ ಇರುವಷ್ಟು ದೂರ. ಪುತ್ತೂರಿನ ಕಿವಿಗೆ ಎರಡೂ ಅಕ್ಕತಂಗಿಯರು. "ಕುಟ್ಟಿಯುಡೆ ಆರಾ?" ಎಂದಳು ಕೌಂಟರಿನ ಹುಡುಗಿ, ಮಗುವಿಗೆ ನೀವು ಏನಾಗಬೇಕು ಎಂದು. ಪೋ ಎನ್ನಲು ಹೊರಟ ರತ್ನ ಪಕ್ಕದಲ್ಲಿ ತನ್ನ ಬಾಯಿಯನ್ನೇ ನೋಡುತ್ತಿದ್ದ ಮಗುವನ್ನು ಕಂಡು, ಪೊಟ್ಟಿ ಎಂದು ಕೇಳಿಸೀತೇ ಎಂದು ತಡವರಿಸಿದಳು. ಬಾಯಿಂದ ಬಂದದ್ದು ಪೆಟ್ಟಮ್ಮ. ಹುಡುಗಿ ತಲೆಯಾಡಿಸಿ 'ತಾಯಿ' ಎಂದು ಟೈಪು ಮಾಡಿದಳು. ಸಮಿತಿಯ ಆದೇಶದ ಪ್ರತಿ ರತ್ನಳ ಚೀಲದಲ್ಲೇ ಉಳಿಯಿತು, ತಾಯಿಯನ್ನು ಯಾರು ಕಾಗದ ಕೇಳುತ್ತಾರೆ? ಒಪ್ಪಿಗೆ ಪತ್ರ ಬಂತು. ಏನು ದಾಖಲಾಗಿದೆ ಎಂಬ ಅರಿವಿಲ್ಲದೆ ರತ್ನ ಬೆರಳು ತೋರಿಸಿದಲ್ಲಿ ಸಹಿ ಹಾಕಿದಳು. ಬೆಳಗಾದರೆ ಆಪರೇಶನ್.

ಸಂಜೆ ವಾರ್ಡಿಗೆ ಬಂದ ನರ್ಸ್ ಮಂಚದ ಬದಿಗೆ ಕೂತು ಕೇಳಿದಳು, "ಹೆರಿಗೆ ಸಹಜವೋ ಸಿಸೇರಿಯನ್ನೋ? ಹುಟ್ಟಿದಾಗ ತೂಕ ಎಷ್ಟು? ಹುಟ್ಟಿದ ಕೂಡಲೇ ಅತ್ತಳಾ?"

ರತ್ನ ಕೆಲಸ ಮುಗಿಸಿ ಬಂದಿದ್ದ ಗಂಡನ ಮುಖ ನೋಡಿದಳು. ಏನಾಗಿದೆ ಎಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಬ್ಯಾಂಕಿನಲ್ಲಿ ಸಹಿಯ ಬಾಲ ಸ್ವಲ್ಪ ಉದ್ದವಾದರೂ ಚೆಕ್ಕನ್ನು ವಾಪಸು ಕಳಿಸುವ ನಿತ್ಯಾನಂದ, ಶಾಖೆಯವರು ಹಿಂದಿನಿಂದ ಹರಿಶ್ಚಂದ್ರ ಎಂದು ಕರೆಯುವ ನಿತ್ಯಾನಂದ, ಹೇಳಿದ, "ನಾರ್ಮಲ್. ಮೂರು ಕಿಲೋ." ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದ ಹಾಗಿರಬೇಕು ಎನ್ನುತ್ತಾರಲ್ಲ, ಹಾಗೇ ಇತ್ತು.

ನರ್ಸ್ ಬರೆದುಕೊಳ್ಳಲು ಪೆನ್ನು ತಗ್ಗಿಸಿದಳು. ರತ್ನ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದಳು. "ಬರೀಬೇಡಿ. ನಾನು ಹೆತ್ತವಳಲ್ಲ. ಬಾಯಿ ತಪ್ಪಿತು." ತನ್ನ ಮುರುಕು ಮಲಯಾಳದಲ್ಲಿ ಎಲ್ಲವನ್ನೂ ಹೇಳಿದಳು, ಪೊಟ್ಟಿಯೊಂದನ್ನು ಬಿಟ್ಟು. ಚೀಲದಿಂದ ಆದೇಶ ತೆಗೆದು ಮುಂದಿಟ್ಟಳು.

ಡಾಕ್ಟರು ಬಂದರು. ಬೈಯಲಿಲ್ಲ. ಮಗುವಿನ ಜೀವಕ್ಕೆ ಈಗಿಂದೀಗ ಕುತ್ತು ಇದ್ದಿದ್ದರೆ ಯಾರ ಸಹಿಗೂ ಕಾಯುತ್ತಿರಲಿಲ್ಲ, ಇದು ಅಂಥದ್ದಲ್ಲ, ಸಮಿತಿಯ ಅನುಮತಿ ತನ್ನಿ, ಆದರೆ ತಡಮಾಡಬೇಡಿ ಎಂದರು. ಮಗು ಬೆಳಗಿನ ಆಪರೇಶನ್‌ಗೆಂದು ಧೈರ್ಯ ಕಟ್ಟಿಕೊಂಡು ಕೂತಿತ್ತು. ಅದನ್ನು ಎಬ್ಬಿಸಿಕೊಂಡು ಮನೆಗೆ ಹೊರಟರು.

ಮೆಟ್ರೋದಲ್ಲಿ ದಿಶಾ ರತ್ನಳ ತೊಡೆಯ ಮೇಲೆ ನಿದ್ದೆಹೋದ ಮೇಲೆ ನಿತ್ಯಾನಂದ ಬಾಯಿಬಿಟ್ಟ. "ಎಂತ ಮಾಡಿದಿ ಮಾರಾಯ್ತಿ? ಕೈಗೆ ಬಂದ ತುತ್ತು. ನೀನು ಸುಮ್ಮನೆ ಕೂತಿದ್ರೆ ನಾಳೆ ಮಧ್ಯಾಹ್ನಕ್ಕೆ ಎಲ್ಲ ಮುಗೀತಿತ್ತು. ಯಾರಿಗೆ ನಷ್ಟ ಇತ್ತು?"

"ಒಳಗೆ ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಅಪಶಕುನ ಮಾತಾಡ್ಬೇಡ."

"ಆದ್ರೆ ಅಂತ ಹೇಳಿದ್ದು. ಅವಳ ಅಮ್ಮನ ಹತ್ರ ಹೋಗಿ ಎಂತ ಹೇಳುದು ನೀವು? ನಿನ್ನ ಹೆಸರಲ್ಲಿ ನಾವು ಸಹಿ ಹಾಕಿದ್ದು ಅಂತ ಹೇಳ್ತೀರಾ?"

"ಅವಳಿಗೆ ನೆಟ್ಟಗೆ ಜ್ಞಾನವೇ ಇಲ್ಲ ಅಂತ ಹೇಳಿದ್ರಲ್ಲ."

"ಇಲ್ಲದಿದ್ರೆ ಅದನ್ನು ಸಮಿತಿಯವರು ಹೇಳ್ಲಿ. ನಾವು ಹೇಳುದಲ್ಲ."

ನಿತ್ಯಾನಂದ ಕಿಟಕಿಯ ಕಡೆ ತಿರುಗಿದ. ಉತ್ತರ ಹೊಳೆಯದಾಗ ಅವನು ಯಾವಾಗಲೂ ತಿರುಗುವ ದಿಕ್ಕು ಅದು.

ಸಮಿತಿಯ ಅಧ್ಯಕ್ಷೆ ಜುಬೈದಾ ನಿಧಾನದ ಹೆಂಗಸು, ಎದುರಿನವರ ಮಾತು ಮುಗಿಯುವವರೆಗೆ ಕಾಯುವವರು. ಜ್ವರ, ಕೆಮ್ಮು, ಮೊಣಕಾಲಿನ ಗಾಯಕ್ಕೆಲ್ಲ ಸಾಕುವವರ ಮಾತು ಸಾಕು ಎಂದರು. ಅರಿವಳಿಕೆ ಕೊಟ್ಟು ಕೊಯ್ಯುವುದಕ್ಕೆ ಸಾಲದು, ಅದಕ್ಕೆ ಸಮಿತಿ ಒಪ್ಪಬೇಕು. ತಾಯಿ ಹಕ್ಕು ಬಿಟ್ಟುಕೊಟ್ಟಿಲ್ಲವಾದ್ದರಿಂದ ಒಪ್ಪುವ ಮೊದಲು ಸಮಿತಿ ಅವಳನ್ನು ಕೇಳಲೇಬೇಕು. "ಕಾಮಾಕ್ಷಿ ಈಗ ಆಸ್ಪತ್ರೆಯಲ್ಲಿಲ್ಲ. ತಿರುವನಂತಪುರದ ಪಕ್ಕ ತುಂಬ ಎಂಬ ಊರಿನ ಹತ್ತಿರ, ಆಸರೆಯಿಲ್ಲದ ಹೆಂಗಸರ ಒಂದು ಮಹಿಳಾ ಮಂದಿರದಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ. ತನ್ನ ನಿರ್ಧಾರ ತಾನು ಮಾಡುವಷ್ಟು ಗುಣವಾಗಿದ್ದಾಳೆ ಎಂದು ಅವಳ ಡಾಕ್ಟರು ಮೊನ್ನೆಯಷ್ಟೇ ಬರೆದು ಕಳಿಸಿದ್ದಾರೆ. ನಾನು ಅಲ್ಲಿನವರ ಮೂಲಕ ಕೇಳಿಸಬಹುದು. ಆದರೆ ಮಗುವಿನ ಕಿವಿಯ ಕತೆ ಗೊತ್ತಿರುವುದು ನಿಮಗೆ, ಅವಳ ಭಾಷೆ ಬರುವುದೂ ನಿಮಗೆ. ಹೋಗುತ್ತೀರಾ?"

"ಹೋಗ್ತೇವೆ" ಎಂದಳು ರತ್ನ.

ಹೊರಗೆ ಬಂದ ನಿತ್ಯಾನಂದ ಲೆಕ್ಕ ಹಾಕತೊಡಗಿದ. ಸಹಿ ಹಾಕುವಷ್ಟು ಬುದ್ಧಿ ನೆಟ್ಟಗಿರುವವಳಿಗೆ ಮಗಳನ್ನು ಸಾಕುವಷ್ಟು ಬುದ್ಧಿ ಇರುವುದಿಲ್ಲವೇ? ಇವತ್ತು ಕಿವಿಗೆ ಒಪ್ಪಿಗೆ ಕೇಳಲು ಹೋಗುವುದು, ನಾಳೆ ಅವಳು ಮಗುವನ್ನೇ ಕೇಳುವುದು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳಲು ರೈಲು ಹತ್ತಬೇಕೇ? ಆಟೋದಲ್ಲಿ ಇದನ್ನು ಹೆಂಡತಿಗೆ ಹೇಳಿದ.

"ನಂಗೆ ಗೊತ್ತುಂಟು" ಎಂದಳು ರತ್ನ. "ಅವರು ಗುಣವಾಗಿದ್ದಾಳೆ ಅಂದಾಗ್ಲೇ ಗೊತ್ತಾಯ್ತು. ಆದ್ರೆ ಕಿವಿ ಸೋರುದು ನಿಲ್ಬೇಕಲ್ಲ." ಮತ್ತೆ ಆ ವಿಷಯ ಎತ್ತಲಿಲ್ಲ.

ಮಗುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಶನಿವಾರ ಬೆಳಗ್ಗೆ ತ್ರಿಪ್ಪುಣಿತ್ತುರದಲ್ಲಿ ತಿರುವನಂತಪುರದ ರೈಲು ಹತ್ತಿದರು. ಬಿಗುವು ಮುರಿಯಲು ನಿತ್ಯಾನಂದ ತಮಾಷೆ ಮಾಡಿದ. "ಇವರ ಭಾಷೆಯೇ ಸರಿ ಇಲ್ಲ. ಹೆತ್ತವಳು ಪೆಟ್ಟು ಕೊಡುವ ಅಮ್ಮ, ಸಾಕಿದವಳು ಪೊಟ್ಟು ಅಮ್ಮ."

"ನಮ್ಮದು ಮಹಾ ಸರಿ ಉಂಟಾ? ಸಾಕಮ್ಮ ಅಂತೇವೆ. ಇನ್ನು ಸಾಕಮ್ಮ, ಹೊರಡು ಅಂದ ಹಾಗೆ." ಹೇಳಿ ನಗಲು ಹೋದಳು, ನಗು ಅರ್ಧಕ್ಕೆ ನಿಂತಿತು. ನಿತ್ಯಾನಂದ ಚಾಯ ತರುವ ನೆಪದಲ್ಲಿ ಎದ್ದುಹೋದ.

ಮಂದಿರದ ಅಂಗಳಕ್ಕೆ ಕಡಲಿನ ಸದ್ದು ಕೇಳಿಸುತ್ತಿತ್ತು. ಹುಚ್ಚಿ ಎಂದರೆ ಕೆದರಿದ ತಲೆ, ಗುಡ್ಡೆಗಣ್ಣು ಎಂದೆಲ್ಲ ಎಣಿಸಿಕೊಂಡಿದ್ದ ನಿತ್ಯಾನಂದನ ಮುಂದೆ ಎಣ್ಣೆ ಹಾಕಿ ಬಾಚಿದ ತಲೆಯ, ಇಸ್ತ್ರಿಯ ಸೀರೆಯ ಸಣ್ಣ ಹೆಂಗಸೊಬ್ಬಳು ಬಂದು ನಿಂತಳು. ದಿನವೂ ನುಂಗುವ ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತಿತ್ತು. ಬೇರೆ ಏನೂ ಇಲ್ಲ. ಮಗಳ ಹುಬ್ಬೇ ಹುಬ್ಬು.

"ಕೂತ್ಕಳಿ ಅಕ್ಕಾ. ನನ್ ಮಗ್ಳು ಚೆಂದಾಗವ್ಳಾ?"

ರತ್ನ ಎಲ್ಲ ಹೇಳಿದಳು. ಕಿವಿಯ ಚಿತ್ರವನ್ನು ಡಾಕ್ಟರಿಂದ ಬರೆಸಿ ತಂದಿದ್ದಳು, ಎಲ್ಲಿ ತೂತು, ಎಲ್ಲಿ ಕೊಳೆ, ಎಲ್ಲಿ ಕೊಯ್ಯುತ್ತಾರೆ ಎಂದು ಬೆರಳಿಟ್ಟು ತೋರಿಸಿದಳು. ಆಪರೇಶನ್ ಆದರೂ ಕಿವಿ ಪೂರ್ತಿ ಮೊದಲಿನ ಹಾಗೆ ಆಗದೇ ಇರಬಹುದು ಎನ್ನುವುದನ್ನೂ ಮುಚ್ಚಿಡಲಿಲ್ಲ. ಹೆದರಿಸಲೂ ಇಲ್ಲ, ಪುಸಲಾಯಿಸಲೂ ಇಲ್ಲ. ಹೇಗಾದರೂ ಹೂಂ ಅನ್ನಿಸಿಕೊಂಡು ಎದ್ದರೆ ಸಾಕು ಎಂದು ತುದಿಗಾಲಲ್ಲಿದ್ದ ನಿತ್ಯಾನಂದನಿಗೆ ನಾಚಿಕೆಯಾಯಿತು. ಬ್ಯಾಂಕಿನಲ್ಲಿ ಕೂತು ಅವನು ಎಷ್ಟು ಜನಕ್ಕೆ 'ಇಲ್ಲಿ ಸಹಿ ಹಾಕಿ' ಎಂದಿದ್ದನೋ. ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಹೀಗೆ ಬಿಡಿಸಿ ಹೇಳಿದ ನೆನಪು ಅವನಿಗಿರಲಿಲ್ಲ.

ಕಾಮಾಕ್ಷಿ ಪ್ರಶ್ನೆ ಕೇಳಿದಳು. ಕೂದಲು ಬೋಳಿಸುತ್ತಾರಾ? ಕಿವಿಯ ಹಿಂದೆ ಸ್ವಲ್ಪ. ನಿದ್ದೆ ಬರುವವರೆಗೆ ಯಾರಾದರೂ ಕೈ ಹಿಡಿದುಕೊಂಡಿರುತ್ತಾರಾ? ಅದನ್ನು ಡಾಕ್ಟರ ಹತ್ತಿರ ಕೇಳಿಯೇ ಬಿಡುತ್ತೇನೆ ಎಂದಳು ರತ್ನ.

"ಅವ್ಳಿಗೆ ಹೇಳಿದ್ದೀರಾ, ಕೊಯ್ತಾರೆ ಅಂತ?"

"ಹೇಳಿದ್ದೇನೆ. ಇನ್ನೊಮ್ಮೆ ಹೇಳ್ತೇನೆ."

ಕಾಮಾಕ್ಷಿ ತಲೆ ತಗ್ಗಿಸಿ ಸೆರಗಿನ ಅಂಚು ತೀಡುತ್ತ ಕೂತಳು. "ನನ್ನ ಯಾರೂ ಕೇಳ್ನಿಲ್ಲ ಕನಕ್ಕ. ಕೈಕಾಲ್ ಹಿಡ್ಕಂಡು ಸೂಜಿ ಚುಚ್ಚುದ್ರು. ಒಳ್ಳೇದ್ಕೇ ಚುಚ್ಚುದ್ರು, ಅದ್ರಿಂದ್ಲೇ ಉಷಾರಾದೆ, ಸುಳ್ಳು ಯಾಕ್ ಹೇಳ್ಲಿ. ಆದ್ರೂ ಒಂದ್ ಮಾತ್ ಕೇಳ್ಬೋದಿತ್ತು, ಕಾಮಾಕ್ಷಿ, ಚುಚ್ಲಾ ಅಂತ. ಆವತ್ತಿಂದ ಈವತ್ತಿನ್ ತಂಕ ನನ್ನ ಏನಾರ ಕೇಳಕ್ಕೆ ಅಂತ ಮನೆ ಬಿಟ್ಟು ಬಂದೋರು ನೀವೇ ಮೊದ್ಲು."

ನಿತ್ಯಾನಂದ, ಮೂರು ಕಿಲೋ ಎಂದು ತಾನು ಸಲೀಸಾಗಿ ಹೇಳಿದ್ದು ನೆನಪಾಗಿ, ತಡೆಯಲಾರದೆ ಕೇಳಿದ, "ಹುಟ್ಟಿದಾಗ ಅವಳ ತೂಕ ಎಷ್ಟಿತ್ತಮ್ಮ?"

"ತೂಕ ಯಾರು ನೋಡಿದ್ರು ಸಾಮಿ. ಆಸ್ಪತ್ರೆಗೆ ಓಯ್ತಾ ಟೆಂಪೋದಲ್ಲೇ ಉಟ್ಬುಟ್ಲು. ಅತ್ತಿದ್ದು ಮಾತ್ರ ಡ್ರೈವರ್ ಎದ್ರಿ ಗಾಡಿ ನಿಲ್ಸಂಗೆ." ಮೊದಲ ಬಾರಿಗೆ ಕಾಮಾಕ್ಷಿ ನಕ್ಕಳು. ಎದುರಿಗೆ ಕೂತ ಇಬ್ಬರಿಗೂ ಗೊತ್ತಿಲ್ಲದ ದಿಶಾ ಒಬ್ಬಳು ಅವಳಲ್ಲಿದ್ದಳು.

ಕಾಮಾಕ್ಷಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿಕೊಂಡು ಸಮಿತಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಆಮೇಲೆ ಪೆನ್ನು ಕೆಳಗಿಡದೆ ಹೇಳಿದಳು, "ಮಗ್ಳು ನನ್ಗೆ ವಾಪಸ್ ಬೇಕು ಅಂತ ಅರ್ಜಿ ಕೊಡು ಅಂತವ್ರೆ ನಮ್ ಡಾಕ್ಟ್ರಮ್ಮ. ಕೊಟ್ಟಿಲ್ಲ ನಾನು. ನಿಮ್ಮನೇಲಿ ಚೆಂದಾಗವ್ಳೆ, ಯಾವ್ ಮುಖ ಇಟ್ಕಂಡು ಕೇಳ್ಲಿ?"

ನಿತ್ಯಾನಂದ ಸಹಿಯಾದ ಕಾಗದವನ್ನು ಮಡಚತೊಡಗಿದ. ಅಲ್ಲಿಗೆ ಸುಮ್ಮನಿದ್ದರೆ ಸಾಕಿತ್ತು. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ, ಯಾವ ಮಾತನ್ನೂ ತಪ್ಪು ಉಚ್ಚರಿಸಬೇಕಾಗಿರಲಿಲ್ಲ. ಹೌದು, ಚೆನ್ನಾಗಿದ್ದಾಳೆ ಎಂದು ಎದ್ದು ಬಂದಿದ್ದರೆ ಮಗು ಅವರದಾಗಿಯೇ ಉಳಿಯುತ್ತಿತ್ತು.

"ಕೊಡಿ" ಎಂದಳು ರತ್ನ. "ಅರ್ಜಿ ಕೊಡಿ ನೀವು. ಅಮ್ಮ ಎಲ್ಲಿ, ಯಾವಾಗ ಬರ್ತಾಳೆ ಅಂತ ಅವಳು ಕೇಳುವಾಗ ನಂಗೆ ಹೇಳ್ಲಿಕ್ಕೆ ಎಂತದೂ ಇರುದಿಲ್ಲ. ಕಿವಿ ಒಣಗುವವರೆಗೆ ನಮ್ಮಲ್ಲಿರ್ಲಿ. ಆಮೇಲೆ ಒಟ್ಟಿಗೆ ನೋಡುವ."

ನಿತ್ಯಾನಂದ ಹೆಂಡತಿಯನ್ನೇ ನೋಡಿದ. ಇಷ್ಟು ವರ್ಷ ಸಂಸಾರ ಮಾಡಿದವಳು. ಉಪ್ಪು ಹೆಚ್ಚಾಯಿತು, ಫ್ಯಾನು ಆರಿಸಲಿಲ್ಲ ಎಂದು ತಾನು ದಿನಬೆಳಗಾದರೆ ಗೊಣಗುತ್ತಿದ್ದ ಹೆಂಗಸು ಇವಳೇ. ಅವನಿಗೆ ಸಿಟ್ಟೂ ಬಂತು, ಎದೆಯೂ ತುಂಬಿತು, ಎರಡರಲ್ಲಿ ಎದೆ ತುಂಬಿದ್ದೇ ಹೆಚ್ಚಾಗಿತ್ತು. ಇಂಥವಳ ಗಂಡ ಎನ್ನಿಸಿಕೊಳ್ಳಲು ಒಂದಿಷ್ಟು ಯೋಗ್ಯತೆ ಬೇಕಾಗುತ್ತದೆ ಎಂದು ಅವತ್ತು ಮೊದಲ ಸಲ ಅನ್ನಿಸಿತು. ರೈಲಿನಲ್ಲಿ ಹಿಂದಿರುಗುವಾಗ ಏನಾದರೂ ಹೇಳಬೇಕೆಂದುಕೊಂಡ. ಹೇಳುವ ಬದಲು ಕಿಟಕಿಯ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಟ್ಟ.

ಅನುಮತಿ ಬಂತು. ಆಪರೇಶನ್ ಆಯಿತು. ಜುಬೈದಾ ಅವರ ಒಪ್ಪಿಗೆಯ ಮೇಲೆ ಕಾಮಾಕ್ಷಿ ಮಂದಿರದವರೊಬ್ಬರ ಜೊತೆ ಕೊಚ್ಚಿಗೆ ಬಂದು ಥಿಯೇಟರಿನ ಹೊರಗೆ ರತ್ನಳ ಪಕ್ಕ ಕೂತಳು. ದಿಶಾ ತಾಯಿಯನ್ನು ಕಂಡು ಮೊದಲು ದೊಡ್ಡಮ್ಮನ ಸೆರಗಿನ ಹಿಂದೆ ಅವಿತಳು. ಕಾಮಾಕ್ಷಿ ಎಳೆಯಲಿಲ್ಲ, ಅಳಲೂ ಇಲ್ಲ, ಆಗಾಗ ಬಂದು ಹೋಗುತ್ತ ಕಾದಳು. ಮಗು ತಾನಾಗಿ ಹೊರಬರಲು ಕೆಲವು ತಿಂಗಳೇ ಹಿಡಿಯಿತು. ಅಷ್ಟರಲ್ಲಿ ಕಿವಿ ಒಣಗಿತು. ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಕೇಳಿಸುವ ಹಾಗಾಗಿ, ಗಂಡಹೆಂಡಿರು ಜಗಳ ಆಡಲೂ ಬಾಲ್ಕನಿಗೆ ಹೋಗಬೇಕಾಯಿತು. ಶಾಲೆಯ ಪರೀಕ್ಷೆ ಮುಗಿದ ಮೇಲೆ ಮಗು ತಾಯಿಯ ಜೊತೆ ತುಂಬಕ್ಕೆ ಹೋಗಲಿ, ಸ್ವಲ್ಪ ಕಾಲ ನಾವು ನೋಡುತ್ತಿರುತ್ತೇವೆ, ಎಂದು ಸಮಿತಿ ತೀರ್ಮಾನಿಸಿತು. ಕಾಮಾಕ್ಷಿ ಅಲ್ಲೇ ಹೊಲಿಗೆಯ ಕೆಲಸದ ಹತ್ತಿರ ಕೋಣೆ ಹಿಡಿದಿದ್ದಳು.

ಹೊರಡುವ ದಿನ ಬೆಳಗ್ಗೆ ದಿಶಾಗೆ ತಲೆಸ್ನಾನ. ಕಿವಿಗೆ ನೀರು ಹೋಗಬಾರದು, ಹತ್ತಿಗೆ ವ್ಯಾಸಲಿನ್ ಸವರಿ ಮುಚ್ಚಬೇಕು. ಇಷ್ಟು ದಿನ ಅದನ್ನು ರತ್ನಳಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ. ಬಚ್ಚಲಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ದಿಶಾ ಕೂತಿದ್ದಳು, ಅವಳ ಆಚೆ ಹತ್ತಿ ಹಿಡಿದ ಕಾಮಾಕ್ಷಿ, ಈಚೆ ರತ್ನ. ಟವಲು ಕೊಡಲು ಬಂದ ನಿತ್ಯಾನಂದ ಹೆಂಡತಿಯ ಬೆನ್ನ ಹಿಂದೆ ನಿಂತ.

ಕಾಮಾಕ್ಷಿಯ ಕೈ ನಡುಗುತ್ತಿತ್ತು. "ನೀವೇ ಇಡಿ ಅಕ್ಕಾ, ಇದೊಂದ್ ಕಿತ. ನನ್ ಕೈ ನೋಡಿ."

"ನಡುಗಿದ್ರೆ ನಡುಗ್ಲಿ" ಎಂದಳು ರತ್ನ ನಗುತ್ತ. "ಕಿವಿ ಸ್ವಲ್ಪ ಹಿಂದಕ್ಕೆ ಎಳೀರಿ. ಹಾಂ, ಹಾಗೆ. ಒಳಗೆ ತುರುಕುದು ಬೇಡ, ತೂತಿನ ಬಾಯಿಗೆ ಇಡಿ ಅಷ್ಟೇ. ಮುಚ್ಚಳದ ಹಾಗೆ."

ದನಿ ಒಂದಿಷ್ಟೂ ಅಲುಗಲಿಲ್ಲ. ಪಾಠ ಹೇಳುವ ಟೀಚರಮ್ಮನ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಎದುರಿಗಿದ್ದ ಇಬ್ಬರಿಗೆ ಕಾಣದ್ದು ನಿತ್ಯಾನಂದನಿಗೆ ಕಂಡಿತು. ಅವಳ ಎಡಗೈ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದಿತ್ತು, ಬಿಟ್ಟರೆ ಮಗುವಿನ ಕಿವಿಯತ್ತ ಓಡಿಬಿಡುತ್ತದೆ ಎನ್ನುವ ಹಾಗೆ, ಉಗುರಿನ ಗುರುತು ಮೂಡುವಷ್ಟು ಬಿಗಿಯಾಗಿ.

ಹತ್ತಿ ಕೂತಿತು. ನೋವಾಯಿತೇ ಎಂದು ತಾಯಿ ಕೇಳಿದಳು. ದಿಶಾ ಇಲ್ಲವೆಂದು ತಲೆಯಾಡಿಸಿದಳು.

"ಸರಿಯಾಯ್ತು" ಎಂದಳು ರತ್ನ. "ಇನ್ನು ನೀರು ಹಾಕಿ."